ಕುರ್ಚಿಯಲ್ಲಿ ಕೂತು ಓಡಿದ ಇಪ್ಪತ್ತೆಂಟು ಕಿಲೋಮೀಟರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು ಒಂದೇ ವಾರದಲ್ಲಿ ನಾನು ನಲವತ್ತಾರು ಕಿಲೋಮೀಟರ್ ಓಡಿದೆ. ಅದರಲ್ಲಿ ಇಪ್ಪತ್ತೆಂಟು ಕುರ್ಚಿಯಲ್ಲಿ ಕೂತು.

ನಗಬೇಡಿ. ನನ್ನ ಹತ್ತಿರ ದಾಖಲೆ ಉಂಟು.

ಕಾವೂರಿನ ನಮ್ಮ ಜಿಮ್ಮಿನ ಟ್ರೆಡ್‌ಮಿಲ್ ಹಳೆಯದು. ಅದರ ಡಿಸ್‌ಪ್ಲೇಯಲ್ಲಿ ಮೂರು ಯಾವುದು, ಎಂಟು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಕೈಯ ವಾಚನ್ನು ನಂಬೋಣ ಎಂದರೆ, ನಾನು ಬೀಳುವ ಹೆದರಿಕೆಗೆ ಹ್ಯಾಂಡಲ್ ಹಿಡಿದೇ ಓಡುವವನು. ಕೈ ಅಲ್ಲಾಡದಿದ್ದರೆ ವಾಚಿಗೆ ಏನು ತಿಳಿಯಬೇಕು? ಜಿಪಿಎಸ್ ಪ್ರಕಾರವಂತೂ ನಾನು ಅರ್ಧ ಗಂಟೆ ನಿಂತಲ್ಲೇ ನಿಂತಿದ್ದೇನೆ. (ಅಪ್ಪನ ಅಭಿಪ್ರಾಯವೂ ಅದೇ. ಅವರು ಅರ್ಧ ಗಂಟೆ ಎನ್ನುವುದಿಲ್ಲ, ಐದು ವರ್ಷ ಎನ್ನುತ್ತಾರೆ.)

ಅದಕ್ಕೇ ಶೂಗೆ ಸಿಕ್ಕಿಸುವ ಸೆನ್ಸರ್ ತರಿಸಿದೆ. ಎರಡು ಗೇರುಬೀಜ ಜೋಡಿಸಿಟ್ಟಷ್ಟು ದೊಡ್ಡದು. ಲೇಸಿಗೆ ಕ್ಲಿಪ್ ಮಾಡಿದರೆ ಆಯಿತು. ಕಾಲು ಓಡತೊಡಗಿದ್ದು ಗೊತ್ತಾದರೆ ತಾನಾಗಿಯೇ ಎಣಿಸಲು ಶುರು ಮಾಡುತ್ತದೆ. ಫೋನಿನ ಆ್ಯಪ್‌ನಲ್ಲಿ ದೂರ, ವೇಗ, ಕೊನೆಗೆ ಒಂದು ಚಪ್ಪಾಳೆ. ನನಗೆ ಬೇಕಿದ್ದದ್ದು ಆ ಚಪ್ಪಾಳೆಯೇ ಅಂತ ಇಟ್ಟುಕೊಳ್ಳಿ.

ಯಾಕೆಂದರೆ ಜಿಮ್ಮಿನಲ್ಲಿ ನನಗೆ ಚಪ್ಪಾಳೆ ಹೊಡೆಯುವವರು ಯಾರೂ ಇಲ್ಲ. ಟ್ರೈನರ್ ಪ್ರವೀಣಣ್ಣ ನನ್ನ ಓಟ ನೋಡಿ ಒಮ್ಮೆ, "ಎಂತ ಮಾರಾಯ, ಬೆಲ್ಟ್ ಓಡ್ತಾ ಉಂಟು, ನೀನು ಬಸ್ಸಿಗೆ ಕಾಯ್ತಾ ಇದ್ದೀಯಾ?" ಎಂದಿದ್ದರು. ಅದನ್ನು ಅವರದೇ ಮೂಗಿನ ದನಿಯಲ್ಲಿ ಅನುಕರಿಸಿ ಇಡೀ ಜಿಮ್ಮನ್ನು ನಗಿಸಿದವನು ನಾನೇ. ಮಿಮಿಕ್ರಿ ಮಾಡುವವನಿಗೆ ಇದೊಂದು ಅನುಕೂಲ. ಅವಮಾನವೂ ಐಟಂ ಆಗುತ್ತದೆ.

ಹಾಗೆ ನಗುವವರಲ್ಲಿ ಲಿಲ್ಲಿ ಆಂಟಿಯೂ ಒಬ್ಬರು. ಪಕ್ಕದ ಟ್ರೆಡ್‌ಮಿಲ್ ಅವರದು. ಕುವೈತಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು ರಿಟೈರ್ ಆದವರು. ಮೊಣಕಾಲು ಹಾಳಾಗಿ, ಔಷಧಿ ಮಾಡಿಸಿ, ಆಗಷ್ಟೇ ಮೆಲ್ಲ ಮೆಲ್ಲ ನಡೆಯತೊಡಗಿದ್ದರು. ಗುರಿ ಒಂದೇ. ಬರುವ ತಿಂಗಳು ಮಗನ ಮದುವೆ. ರಿಸೆಪ್ಶನ್‌ನಲ್ಲಿ ಬ್ಯಾಂಡ್ ಶುರುವಾದಾಗ ತಾಯಿ ಮಗ ಒಟ್ಟಿಗೆ ಡ್ಯಾನ್ಸ್ ಮಾಡಬೇಕು. ಗಂಡ ಇಲ್ಲ. ಕುವೈತಿನಲ್ಲಿದ್ದಾಗ ಮಗ ಬೆಳೆದದ್ದನ್ನು ನೋಡಲೂ ಆಗಲಿಲ್ಲವಂತೆ. ಆ ಒಂದು ಹಾಡಾದರೂ ಬಿಡುವುದಿಲ್ಲ ಎಂದು ನನ್ನ ಹತ್ತಿರ ಹತ್ತು ಸಲ ಹೇಳಿದ್ದರು.

ಎಷ್ಟು ನಡೆಯಬೇಕು ಎಂಬುದಕ್ಕೆ ಅವರೇ ಒಂದು ಲೆಕ್ಕ ಹುಡುಕಿಕೊಂಡರು. "ನೀನು ಓಡಿದ್ದರ ಅರ್ಧ ನಾನು ನಡೀತೇನೆ ಪುತಾ. ಜಾಸ್ತಿ ಆಗುದಿಲ್ಲ. ನಿನ್ನನ್ನು ನೋಡಿದ್ರೆ ಗೊತ್ತಾಗ್ತದಲ್ಲ." (ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ಅಷ್ಟು ಪ್ರೀತಿಯಿಂದ ಕರೆದೇ ಇಷ್ಟು ಚುಚ್ಚುವುದು ಹೇಗೆಂದು ನಾನಿನ್ನೂ ಕಲಿಯುತ್ತಿದ್ದೇನೆ.) ದಿನಾ ಸಂಜೆ ನಾನು ಆ್ಯಪ್‌ನ ಫೋಟೋ ಕಳಿಸುವುದು, ಮರುದಿನ ಅವರು ಅದರ ಅರ್ಧ ನಡೆಯುವುದು. ನನ್ನದು ಮೂರು, ಅವರದು ಒಂದೂವರೆ. ಡಾಕ್ಟರಿಗೂ ಸಂತೋಷ.

ಈಗ ನನ್ನ ಕಾಲಿನ ವಿಷಯ. ಕೂತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹುಟ್ಟುಗುಣ. ಚಿಕ್ಕಂದಿನಲ್ಲಿ ಅಜ್ಜಿ ತೊಡೆಗೆ ಹೊಡೆದು, ಹಾಗೆ ಮಾಡಬಾರದು, ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದರು. ನಿಮ್ಮ ಮನೆಯಲ್ಲೂ ಹೊಡೆದಿರಬಹುದು. ನಿಂತಿತಾ? ನನ್ನದೂ ಇಲ್ಲ. ಜಿಮ್ ಮುಗಿಸಿ ಅದೇ ಶೂನಲ್ಲಿ ನಾನು ಬೈಕಂಪಾಡಿಯ ಆಫೀಸಿಗೆ ಹೋಗುತ್ತೇನೆ. ಒಂದು ಸೋಮವಾರ ಸೆನ್ಸರ್ ತೆಗೆಯಲು ಮರೆತೆ. ಸಂಜೆ ನೋಡಿದರೆ ಏಳು ಕಿಲೋಮೀಟರ್, ಮೇಲೆ ಚಪ್ಪಾಳೆ.

ನನಗೆ ಅರ್ಥ ಆಗಲಿಲ್ಲವೇ? ಆಯಿತು, ಒಂದು ನಿಮಿಷದಲ್ಲಿ. ಮೇಜಿನ ಕೆಳಗೆ ಕಾಲು ಆಗಲೂ ಓಡುತ್ತಲೇ ಇತ್ತು.

ಮರುದಿನ ತೆಗೆದಿಡಬಹುದಿತ್ತು. ತೆಗೆಯಲಿಲ್ಲ. ಸೋಮವಾರ ಮರೆತದ್ದು, ಮಂಗಳವಾರ ಬೇಕೆಂದೇ. ಮೀಟಿಂಗಿನಲ್ಲಿ ಬಾಸ್ ಎಷ್ಟು ಉದ್ದ ಮಾತಾಡಿದರೋ ಅಷ್ಟೂ ನನಗೆ ಲಾಭ. ಬುಧವಾರದ ರಿವ್ಯೂ ಒಂದರಲ್ಲೇ ಎರಡು ಕಿಲೋಮೀಟರ್ ಆಯಿತು. ಲಿಲ್ಲಿ ಆಂಟಿ, ಬೆಳಗ್ಗೆ ಇಲ್ಲಿ ನೀನು ಓಡುವುದು ಮೂರೇ, ಉಳಿದದ್ದು ಎಲ್ಲಿ ಎಂದು ಕೇಳಿದರು. ಆಫೀಸಿನಲ್ಲಿ ಆಗ್ತದೆ ಆಂಟಿ ಎಂದೆ. ಸುಳ್ಳಾ ಹೇಳಿ?

ಶನಿವಾರಕ್ಕೆ ವಾರದ ಲೆಕ್ಕ ನಲವತ್ತಾರು. ಪ್ರವೀಣಣ್ಣ ಅದನ್ನು ಜಿಮ್ಮಿನ ಗ್ರೂಪಿಗೆ ಹಾಕಿದರು. ಹೆಬ್ಬೆರಳುಗಳ ಮಳೆ. ಗ್ರೂಪಿಗೆ ಹಾಕದ ಬೆವರನ್ನು ಬೆವರೆಂದು ಯಾರು ಒಪ್ಪುತ್ತಾರೆ ಈಗ? ನಾನಾದರೋ ಬೆವರಿಲ್ಲದೆಯೇ ಗ್ರೂಪಿಗೆ ಬಂದವನು.

ಸೋಮವಾರ ಪಕ್ಕದ ಟ್ರೆಡ್‌ಮಿಲ್ ಖಾಲಿ. ಮಂಗಳವಾರವೂ ಖಾಲಿ. ಸಂಜೆ ಅವರ ಮನೆಗೆ ಹೋದೆ.

ಬಾಗಿಲಲ್ಲಿ ಶೂ ಬಿಚ್ಚಲು ಬಗ್ಗಿದರೆ, ಇರಲಿ, ಹಾಗೇ ಬಾ ಎಂದರು. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದರು. ಮೊಣಕಾಲು ಚಕ್ಕೋತದಷ್ಟು ಊದಿತ್ತು, ಮೇಲೆ ಐಸ್ ಚೀಲ. ನನ್ನ ಅರ್ಧ ತುಂಬಿಸಲು ಜಿಮ್ ಸಾಲದೆ ಸಂಜೆ ಕಾವೂರು ಕೆರೆಗೆ ಸುತ್ತು ಹಾಕಿದ್ದಾರೆ. ವಾರಕ್ಕೆ ಇಪ್ಪತ್ತಮೂರು ಕಿಲೋಮೀಟರ್. ನೋವಿತ್ತು, ಆದರೆ ಹುಡುಗ ಅಷ್ಟು ಓಡುವಾಗ ಅರ್ಧವಾದರೂ ನಡೆಯದಿದ್ದರೆ ಹೇಗೆ ಅಂತ ಅನಿಸಿತಂತೆ. ಈಗ ಡಾಕ್ಟರು ನಡೆಯುವುದೇ ಬೇಡ ಎಂದಿದ್ದಾರೆ. ಡ್ಯಾನ್ಸಿನ ವಿಷಯ ಕೇಳಿದ್ದಕ್ಕೆ, ಆಮೇಲೆ ನೋಡುವ ಎಂದರಂತೆ. ಡಾಕ್ಟರುಗಳ "ಆಮೇಲೆ ನೋಡುವ" ಎಂದರೆ ಏನೆಂದು ನರ್ಸಿಗೆ ಗೊತ್ತಿಲ್ಲವೇ?

ನನ್ನ ಬಾಯಲ್ಲಿ ಯಾರ ದನಿಯೂ ಬರಲಿಲ್ಲ. ನನ್ನದೇ ದನಿಯಲ್ಲಿ ಹೇಳಬೇಕಾಯಿತು. ಸೆನ್ಸರ್, ಮೇಜು, ಮೀಟಿಂಗ್, ಎಲ್ಲ.

ಅಷ್ಟರಲ್ಲಿ ಟೀಪಾಯ್ ಮೇಲಿಟ್ಟಿದ್ದ ನನ್ನ ಫೋನ್ ಗುಂಯ್ ಎಂದಿತು. ಆಫೀಸಿನಲ್ಲಿ ನಾನು ಬಾಯಿ ಮುಚ್ಚಿಸಿಡುವ ಆ್ಯಪ್‌ನ ಹೆಣ್ಣು ದನಿ ಉತ್ಸಾಹದಿಂದ, ಒಂದು ಕಿಲೋಮೀಟರ್ ಮುಗಿಯಿತು, ಗ್ರೇಟ್ ರನ್ ಎಂದಿತು.

ಇಬ್ಬರೂ ನನ್ನ ಬಲಗಾಲು ನೋಡಿದೆವು. ತಪ್ಪೊಪ್ಪಿಗೆಯ ಉದ್ದಕ್ಕೂ ಅದು ಓಡಿತ್ತು.

ಲಿಲ್ಲಿ ಆಂಟಿ ಐಸ್ ಚೀಲವನ್ನು ಸರಿ ಮಾಡಿಕೊಂಡರು.

"ಮದುವೆಗೆ ಬಾ ಪುತಾ, ನನ್ನ ಪಕ್ಕದ ಕುರ್ಚಿ ನಿನಗೇ. ಬ್ಯಾಂಡ್ ಶುರುವಾದಾಗ ನನ್ನ ಪಾಲಿನ ಡ್ಯಾನ್ಸೂ ನೀನೇ ಮಾಡು, ನಿನಗೆ ಏಳುದು ಬೇಡ ಅಲ್ವಾ?"