ಸೂಜಿಯ ಇಪ್ಪತ್ತು ಮೇಣದುಂಡೆಗಳು

ಗ್ಯಾರೇಜಿನ ಬೋರ್ಡಿನ ಮೇಲೆ ‘ಅಣ್ಣ ತಮ್ಮ ಗ್ಯಾರೇಜ್’ ಎಂದು ಬರೆದಿತ್ತು. ತಮ್ಮ ಹಡಗಿನ ಕೆಲಸ ಹಿಡಿದು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಇದ್ದಾಗಲೂ ಅವನು ಸ್ಪ್ಯಾನರ್ ಹಿಡಿದಿದ್ದಕ್ಕಿಂತ ಬಾಚಣಿಗೆ ಹಿಡಿದಿದ್ದೇ ಹೆಚ್ಚು. ಆದರೂ ಅವನಿಗೆ ಬೋರ್ಡಿನಲ್ಲಿ ಜಾಗವಿತ್ತು. ಹಿಂದಿನ ಕಿಟಕಿಯ ಪಕ್ಕ ಕೂತು ಇಪ್ಪತ್ತೆರಡು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಿದ್ದ ತಂಗಿಗೆ ಇರಲಿಲ್ಲ. ಇದು ಯಾವ ನ್ಯಾಯ ಅಂತ ನನ್ನನ್ನು ಕೇಳಬೇಡಿ, ನನಗೂ ಹೊಟ್ಟೆ ಉರಿಯುತ್ತದೆ.

ಅಣ್ಣ ಅವಳನ್ನು ‘ಸೂಜಿ’ ಎನ್ನುತ್ತಿದ್ದ. ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಅವಳು ದಪ್ಪ ದಾರವನ್ನು ಜೇನುಮೇಣದ ಗಟ್ಟಿಯ ಮೇಲೆ ಎಳೆದೆಳೆದು ಮೇಣ ಮೆತ್ತಿ, ಚರ್ಮಕ್ಕೆ ಹೊಲಿಗೆ ಹಾಕಿದರೆ ಸೀಟು ಹರಿದರೂ ಹೊಲಿಗೆ ಹರಿಯುತ್ತಿರಲಿಲ್ಲ.

ಅಂಗಳದಲ್ಲಿ ಕೈ ತೊಳೆಯುವ ಒಂದು ನಲ್ಲಿ ಇತ್ತು. ಹಿತ್ತಾಳೆಯದು, ಚಿಟ್ಟೆಯಂಥ ಹಿಡಿ. ಅಪ್ಪ ಯಾವುದೋ ಹಳೇ ಯಂತ್ರದಿಂದ ಕಳಚಿ ತಂದು ಹಾಕಿದ್ದು. ಅದರ ಕಥೆಯೇ ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಂದ್, ಬಲಕ್ಕೆ ತಿರುಗಿಸಿದರೆ ಧೋ ಅಂತ ನೀರು. ಹೊಸ ಗಿರಾಕಿ ಕೈ ತೊಳೆದು ನಿಲ್ಲಿಸಲು ಹೋದರೆ ಪ್ಯಾಂಟೆಲ್ಲ ಒದ್ದೆ. ಅಣ್ಣ ಪ್ರತಿ ಸಲವೂ ಹೊಟ್ಟೆ ಹಿಡಿದು ನಗುತ್ತಿದ್ದ.

ಆ ಬೇಸಿಗೆಯಲ್ಲಿ ಹಲ್ಲಿನ ಡಾಕ್ಟರಮ್ಮನ ಹಸಿರು ಕಾರು ಮೂರನೇ ಸಲ ಬಂತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂಥ ಹಳೇ ಸ್ಪೋರ್ಟ್ಸ್ ಕಾರು. ತೀರಿಕೊಂಡ ಅವರಪ್ಪ ಮಗುವಿನ ಹಾಗೆ ನೋಡಿಕೊಂಡಿದ್ದದ್ದು. ನೋಡಲು ಅಂದವೋ ಅಂದ, ಒಳಗೆ ಕೂತರೆ ಒಲೆ.

“ಅರ್ಧ ಗಂಟೆ ಓಡಿಸಿದ್ರೆ ಸಾಕು, ಕಾಲು ಬೆಂದು ಹೋಗುತ್ತೆ,” ಎಂದರು ಡಾಕ್ಟರಮ್ಮ. “ಅಪ್ಪ ಓಡಿಸೋವಾಗ ಹೀಗಿರಲಿಲ್ಲ. ಭಾನುವಾರ ಹಳೇ ಕಾರುಗಳೆಲ್ಲ ಬೆಟ್ಟ ಹತ್ತೋ ದಿನ. ಅಷ್ಟರಲ್ಲಿ ಸರಿಯಾಗಲಿಲ್ಲ ಅಂದ್ರೆ ಕ್ಷಮಿಸಿ, ನಾನು ಬೇರೆ ಗ್ಯಾರೇಜ್ ನೋಡ್ಕೋತೀನಿ.”

ಅಣ್ಣನ ಮುಖ ಸಪ್ಪಗಾಯಿತು. ಪಾಪ, ಅವನು ಮಾಡದ್ದೇನೂ ಉಳಿದಿರಲಿಲ್ಲ. ಇಂಜಿನ್ ಮತ್ತು ಕಾಲಿನ ನಡುವಿನ ತಗಡಿಗೆ ಬೆಳ್ಳಿಹಾಳೆ ಅಂಟಿಸಿದ್ದ. ರೇಡಿಯೇಟರಿಗೆ ಇನ್ನೊಂದು ಫ್ಯಾನ್ ಹಾಕಿದ್ದ. ಸೈಲೆನ್ಸರ್ ಕೊಳವೆಗೆ ಪಟ್ಟಿ ಸುತ್ತಿದ್ದ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

“ಶಾಖ ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿದ್ಯಾ?” ಕಿಟಕಿ ಪಕ್ಕದಿಂದ ಸೂಜಿ ಕೇಳಿದಳು.

“ಇಂಜಿನ್ನಿಂದ ಬರದೆ ಆಕಾಶದಿಂದ ಬರುತ್ತಾ? ನಿನ್ನ ಸೀಟು ನೀನು ಹೊಲಿ, ತಾಯಿ.”

“ನಾನು ಸರಿ ಮಾಡಿದ್ರೆ?”

ಅಣ್ಣನಿಗೆ ರೇಗಿತು. ಗಿರಾಕಿಯ ಎದುರು ತಂಗಿ ಹೀಗೆ ಕೇಳಿದರೆ ಯಾರಿಗೆ ರೇಗುವುದಿಲ್ಲ? “ನೀನು ಸರಿ ಮಾಡಿದ್ರೆ ಆ ಬೋರ್ಡ್‌ನಲ್ಲಿ ನಿನ್ನನ್ನ ಹಾಕಿಸ್ತೀನಿ! ಆಗಲಿಲ್ಲ ಅಂದ್ರೆ ಇನ್ನು ಮೇಲೆ ಬಾನೆಟ್ ಕಡೆ ತಲೆ ಹಾಕೋ ಹಾಗಿಲ್ಲ.”

ಕೋಪದಲ್ಲಿ ಬಾಯಿಂದ ಜಾರಿದ ಮಾತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರಮ್ಮ ಸಾಕ್ಷಿ ನಿಂತಿದ್ದರು. ಸೋತರೆ ಇಪ್ಪತ್ತೆರಡು ವರ್ಷದ ಮೇಲೂ ಸೂಜಿ ಬರೀ ಕಿಟಕಿ ಪಕ್ಕದವಳೇ.

ಅವಳು ಮೇಣದ ಗಟ್ಟಿ ಎತ್ತಿಕೊಂಡಳು. ಚಿವುಟಿ ಚಿವುಟಿ ಬಟಾಣಿ ಗಾತ್ರದ ಇಪ್ಪತ್ತು ಉಂಡೆ ಮಾಡಿದಳು. ಕಾರಿನೊಳಗೆ ತೆವಳಿ, ಕಾಲಿಡುವ ನೆಲಕ್ಕೆ, ಇಂಜಿನ್ ಪಕ್ಕದ ತಗಡಿಗೆ, ಗೇರಿನ ಬುಡಕ್ಕೆ, ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನ ಹಿಂದೆ ಒಂದೊಂದೇ ಅಂಟಿಸಿದಳು.

“ಏನಿದು, ಬೊಂಬೆಯಾಟನಾ?” ಅಣ್ಣ ಮೂಗು ಮುರಿದ.

“ಎಲ್ಲಿ ಹೆಚ್ಚು ಶಾಖವೋ ಅಲ್ಲಿ ಮೊದಲು ಅಳುತ್ತೆ ಮೇಣ. ಅದಕ್ಕೆ ನಿನ್ನ ಹಾಗೆ ಜಂಬ ಇಲ್ಲ.”

ಡಾಕ್ಟರಮ್ಮ ಕಾರು ಓಡಿಸಿದರು, ಸೂಜಿ ಪಕ್ಕದಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಳು. ಹತ್ತು ನಿಮಿಷವಾಯಿತು. ಇಂಜಿನ್ ಪಕ್ಕದ ತಗಡಿನ ಮೇಲಿನ ಉಂಡೆಗಳು ಜಪ್ಪಯ್ಯ ಅನ್ನಲಿಲ್ಲ. ಹದಿನೈದನೇ ನಿಮಿಷಕ್ಕೆ ಡ್ಯಾಶ್‌ಬೋರ್ಡಿನ ಕೆಳಗಿದ್ದ ತಗಡಿನ ಡಬ್ಬಿಯ ಮೇಲಿನ ಉಂಡೆ ಹೊಳೆಯಿತು, ಜಾರಿತು, ಸೂಜಿಯ ಚಪ್ಪಲಿ ಮೇಲೆ ತೊಟಕ್ಕನೆ ಬಿತ್ತು. ಅದರ ಹಿಂದೆಯೇ ಗೇರಿನ ಬುಡದ್ದು ಕರಗಿತು. ಅಲ್ಲಿ ರಬ್ಬರು ಸೀಳಿ ಎರಡು ಬೆರಳು ತೂರುವಷ್ಟು ಸಂದಾಗಿತ್ತು.

“ಈ ಡಬ್ಬಿ ಏನು ಡಾಕ್ಟರಮ್ಮ?”

“ಹೀಟರ್. ಚಳಿಗಾಲಕ್ಕೆ. ಆದರೆ ಅದರ ಸ್ವಿಚ್ ಆಫ್ ಇದೆಯಲ್ಲ?”

ಸೂಜಿ ಗ್ಯಾರೇಜಿಗೆ ಬಂದವಳೇ ಅಣ್ಣನ ಮುಂದೆ ನಿಂತಳು. “ಹೀಟರ್ ಡಬ್ಬಿ ಕೆಂಡ ಆಗಿದೆ.”

“ಸಾಧ್ಯನೇ ಇಲ್ಲ. ಸ್ವಿಚ್ಚು ಬರೀ ಫ್ಯಾನಿಂದು. ಇಂಜಿನ್ನಿನ ಬಿಸಿನೀರು ಅಲ್ಲಿಗೆ ಹೋಗೋಕೆ ಬಾನೆಟ್ ಒಳಗೊಂದು ನಲ್ಲಿ ಇದೆ. ಚಳಿ ಮುಗಿದ ಕೂಡಲೇ ಅದನ್ನ ನಾನೇ, ಈ ಕೈಯಾರೆ, ಬಂದ್ ಮಾಡಿದ್ದೀನಿ.”

“ಎಂಥ ನಲ್ಲಿ?”

“ಹಿತ್ತಾಳೆದು. ಚಿಟ್ಟೆ ಹಿಡಿ.”

“ಯಾವ ಕಡೆ ತಿರುಗಿಸ್ದೆ?”

“ಯಾವ ಕಡೆ ಅಂದ್ರೆ? ಹೀಗೆ.” ಅಣ್ಣ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದ.

ಎಡಕ್ಕೆ.

ಕೈ ಅಲ್ಲೇ ನಿಂತುಬಿಟ್ಟಿತು. ಅಣ್ಣ ತನ್ನ ಕೈ ನೋಡಿದ, ಅಂಗಳದ ನಲ್ಲಿ ನೋಡಿದ, ಮತ್ತೆ ತನ್ನ ಕೈ ನೋಡಿದ. ಬೇರೆ ಯಾವ ನಟ್ಟು ಬೋಲ್ಟಿನಲ್ಲೂ ತಪ್ಪದ ಕೈ, ಅಂಗಳದ್ದೇ ರೂಪದ ನಲ್ಲಿ ಕಂಡ ಕೂಡಲೇ ಅಂಗಳದ ಬುದ್ಧಿ ತೋರಿಸಿತ್ತು. ಬೇಸಿಗೆಯುದ್ದಕ್ಕೂ ಹೀಟರಿಗೆ ಬಿಸಿನೀರು ಧಾರಾಳವಾಗಿ ಹರಿದಿತ್ತು!

“ಅಯ್ಯೋ, ನನ್ನ ಬುದ್ಧಿಗಿಷ್ಟು,” ಎಂದು ಅವನು ಹಣೆ ಚಚ್ಚಿಕೊಂಡ. ಸೂಜಿ ಬಾನೆಟ್ ಎತ್ತಿ ನಲ್ಲಿಯನ್ನು ಬಲಕ್ಕೆ, ಗಟ್ಟಿಯಾಗಿ ತಿರುಗಿಸಿದಳು. ಅಂದೇ ಕೂತು ಗೇರಿನ ಬುಡಕ್ಕೆ ಹೊಸ ಅಂಗಿ ಹೊಲಿದಳು: ಮೇಲೆ ಚರ್ಮ, ಒಳಗೆ ಎರಡು ಪದರ ದಪ್ಪ ಉಣ್ಣೆಬಟ್ಟೆ, ಸುತ್ತ ಮೇಣದ ದಾರದ ಜೋಡಿ ಹೊಲಿಗೆ. ಕರಗಿದ್ದ ಎರಡು ಕಡೆಯೂ ಹೊಸ ಉಂಡೆ ಅಂಟಿಸಿ, “ಈ ಉಂಡೆಗಳನ್ನೆಲ್ಲ ಹೀಗೇ ಬೆಟ್ಟ ಹತ್ತಿಸಿ,” ಎಂದಳು ಡಾಕ್ಟರಮ್ಮನಿಗೆ.

ಭಾನುವಾರ ಮಟಮಟ ಮಧ್ಯಾಹ್ನ ರಸ್ತೆಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಒಂದಲ್ಲ, ಎರಡಲ್ಲ, ಗ್ಯಾರೇಜಿನ ಬಾಗಿಲಿನ ತನಕ ಬಿಡದೆ! ಡಾಕ್ಟರಮ್ಮ ಚಿಕ್ಕ ಹುಡುಗಿಯಂತೆ ಹಾರಿ ಇಳಿದರು.

“ತುದಿ ತನಕ ಹತ್ತಿದೆ, ಸೂಜಿ! ಅಪ್ಪ ಪಕ್ಕದಲ್ಲೇ ಕೂತ ಹಾಗಿತ್ತು,” ಎನ್ನುವಾಗ ಅವರ ಕಣ್ಣು ತುಂಬಿತ್ತು. ಬೊಗಸೆಯಲ್ಲಿದ್ದ ಮೇಣದುಂಡೆಗಳನ್ನು ಅಣ್ಣನ ಕೈಗೆ ಸುರಿದರು. “ಎಣಿಸ್ಕೊಳ್ಳಿ.”

ಅಣ್ಣ ಎಣಿಸಿದ. ಇಪ್ಪತ್ತಕ್ಕೆ ಇಪ್ಪತ್ತೂ ಗುಂಡಗೆ, ಗಟ್ಟಿಯಾಗಿದ್ದವು. ಅವನು ತಿರುಗಿ ದಡದಡನೆ ಒಳಗೆ ಹೋದ. ಕೋಪ ಬಂತೇನೋ ಎಂದು ಸೂಜಿ ಅಳುಕಿದಳು. ಹೊರಗೆ ಬಂದಾಗ ಅವನ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಬಣ್ಣದ ಡಬ್ಬಿ ಇತ್ತು.

“ಪೇಂಟರ್‌ನ ಕರೆಸೋಣ ಬಿಡೋ,” ಎಂದಳು ಸೂಜಿ.

“ಬೇಡ. ಇಷ್ಟು ವರ್ಷ ಬರೀದೆ ಇದ್ದವನು ನಾನು, ನಾನೇ ಬರೀಬೇಕು.” ಏಣಿ ಹತ್ತಿ ‘ತಮ್ಮ’ನ ಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ಇಟ್ಟ.

“ಅಣ್ಣಾ, ನಿಲ್ಲು!” ಸೂಜಿ ಕೆಳಗಿನಿಂದ ಕೂಗಿದಳು. ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ. “ಪೂರ್ತಿ ಒರೆಸಬೇಡ. ‘ತ’ ಹಾಗೇ ಇರಲಿ, ತಂಗೀನೂ ಅದರಿಂದಲೇ ಶುರುವಾಗೋದು.”