ಬಾಲದೊಳಗಿನ ಬ್ಯಾಟರಿ

ಮಾಬ್ಲೇಶ್ವರ ನಾಯ್ಕರ ವಿಮಾನವನ್ನು ನಾನು ಮೊದಲ ಸಲ ನೋಡಿದಾಗ ಅದರ ಬಾಗಿಲ ಸಂದಿಯಿಂದ ಚಾರ್ಜರಿನ ವಯರು ಇಳಿಬಿದ್ದಿತ್ತು. ನಾನು ಕುಮಟಾದ ಶೋರೂಮೊಂದರಲ್ಲಿ ಬ್ಯಾಟರಿ ಸ್ಕೂಟರ್ ಮಾರುವವನು. ಚಾರ್ಜರ್ ಕಂಡಲ್ಲಿ ನನ್ನ ಬಾಯಿ ತನ್ನಿಂತಾನೇ ತೆರೆದುಕೊಳ್ಳುತ್ತದೆ. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಹೋಗುತ್ತದೆ ಎಂದು ಕೇಳಿದೆ. ಅವರು ವಿಮಾನದ ಮೂತಿಯ ಮುಚ್ಚಳ ಎತ್ತಿ, ಒಳಗಿದ್ದ ಪೆಟ್ರೋಲ್ ಇಂಜಿನ್ ತೋರಿಸಿ, ಮುಚ್ಚಳ ಹಾಕಿದರು. ಬ್ಯಾಟರಿ ಇರುವುದು ಇಂಜಿನ್ ಶುರು ಮಾಡಲಿಕ್ಕೆ ಮಾತ್ರ ಎಂದು ನನಗೆ ಹೊಳೆಯುವ ಹೊತ್ತಿಗೆ ನಾನು ವಾರಂಟಿಯ ವಿಷಯವನ್ನೂ ಕೇಳಿಯಾಗಿತ್ತು.

ಮಾಬ್ಲೇಶ್ವರಣ್ಣನಿಗೆ ಐವತ್ತೆಂಟು ವರ್ಷ. ಕೆಲಸ ಹೊನ್ನಾವರದಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿ, ಮೀನುಬೋಟುಗಳ ಇಂಜಿನ್ ರಿಪೇರಿ. ಮನೆ ಕಾಗಾಲದಲ್ಲಿ. ಮನೆಗೆ ತಾಗಿದ ತಗಡಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೂತು, ಒಬ್ಬರೇ ಕೂರಬಹುದಾದ ಈ ವಿಮಾನ ಕಟ್ಟಿದ್ದಾರೆ. ಹಾರಿಸುವ ಪರವಾನಗಿಗೆ ಅರ್ಜಿ ಹಾಕಿ ನಾಲ್ಕು ವರ್ಷವಾಯಿತು. ಉತ್ತರವಾಗಿ ಬಂದದ್ದು ತುಂಬಿ ಕಳಿಸಬೇಕಾದ ಇನ್ನೊಂದು ಅರ್ಜಿ. ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದಾರೆ.

ಆದರೆ ಅಘನಾಶಿನಿ ಹೊಳೆಯ ಉಪ್ಪುಗಾಳಿ ಪರವಾನಗಿಗೆ ಕಾಯುವುದಿಲ್ಲ. ಇಂಜಿನ್ ಸುಮ್ಮನೆ ನಿಂತರೆ ತುಕ್ಕು. ವಾರಕ್ಕೊಮ್ಮೆ ಶುರು ಮಾಡಬೇಕು. ಶುರು ಮಾಡಲು ಬ್ಯಾಟರಿ ತುಂಬಿರಬೇಕು. ಹತ್ತು ನಿಮಿಷ ಇಂಜಿನ್ ಓಡಿದರೆ ಬ್ಯಾಟರಿ ತುಂಬುವುದಿಲ್ಲ, ಚಾರ್ಜರನ್ನೇ ಹಾಕಬೇಕು. ಹೀಗಾಗಿ ಎಲ್ಲ ಆದಿತ್ಯವಾರಗಳೂ ಅವರಿಗೆ ಶೆಡ್ಡಿನಲ್ಲೇ. ನಾದಿನಿಯ ಮಗಳ ಮದುವೆಗೂ ಹೋಗಲಿಲ್ಲ. ನಗುವ ಯೋಗ್ಯತೆ ನನಗಿಲ್ಲ. ಉಳಿದ ಆರು ದಿನ ಶೋರೂಮಿನ ಗಾಜಿನೊಳಗೆ ನಿಂತಿರುವವನು ನಾನು. ಏಳನೆಯ ದಿನವೂ ಚಾರ್ಜರ್ ನೋಡಲು ಇಲ್ಲಿಗೇ ಬರುತ್ತೇನೆ.

ಬ್ಯಾಟರಿ ಇಟ್ಟ ಜಾಗ ಅವರ ಕಸುಬು ಮಾಡಿಸಿದ ತಪ್ಪು. ಬೋಟಿನಲ್ಲಿ ತಳದ ನೀರು ತಾಗದ ಹಾಗೆ ಬ್ಯಾಟರಿಯನ್ನು ಹಿಂದೆ, ಮೇಲೆ ಇಡುವುದು ವಾಡಿಕೆ. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು: ವಿಮಾನದ ಬಾಲದೊಳಗೆ, ಸೀಟಿನಿಂದ ಒಂದಾಳು ಉದ್ದ ಹಿಂದೆ, ಹಲಗೆ ಬಡಿದು ಕೂರಿಸಿದರು. ಆಮೇಲೆ ಇಡೀ ವಿಮಾನದ ತೂಕವನ್ನು ಅದಕ್ಕೆ ಹೊಂದಿಸಿದರು. ಈಗ ಮುಂದೆ ತಂದರೆ ಮೂತಿ ಭಾರವಾಗುತ್ತದೆ. ಬ್ಯಾಟರಿ ಅಲ್ಲೇ ಇರಬೇಕು, ಅವರು ತೆವಳಲೇಬೇಕು.

ಕಳೆದ ತಿಂಗಳು ಚಾರ್ಜರಿನ ಕ್ಲಿಪ್ಪು ಹಿಡಿದು ತೆವಳಿದವರು ಸೊಂಟದ ಹತ್ತಿರ ಸಿಕ್ಕಿಬಿದ್ದರು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಾನು ಕಾಲು ಹಿಡಿದು ಎಳೆದೆ. ಚಪ್ಪಲಿ ಮಾತ್ರ ಬಂತು. ಬಾವಿಯೊಳಗಿಂದ ಮಾತಾಡಿದ ಹಾಗೆ ಅವರು ಚಾರ್ಜರ್ ಆಫ್ ಮಾಡಲು ಹೇಳಿದರು, ಆಮೇಲೆ ನನ್ನನ್ನು ಬೈದರು, ಆಮೇಲೆ ಸುಮ್ಮನಾದರು. ಸುಮ್ಮನಾದದ್ದು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಕೊನೆಗೆ ಹೆಂಡತಿ ಹೊನ್ನಮ್ಮ ಬಂದು, ಅಂಗಿ ಕತ್ತರಿಸಿ, ಸೊಂಟದ ಸುತ್ತ ತೆಂಗಿನೆಣ್ಣೆ ಸುರಿದರು. ಮುಕ್ಕಾಲು ಗಂಟೆಯ ನಂತರ ಮಾಬ್ಲೇಶ್ವರಣ್ಣ ಮಿರಿಮಿರಿ ಮಿಂಚುತ್ತಾ ಹೊರಬಂದರು.

ಹೊನ್ನಮ್ಮ ಕೂಗಾಡಲಿಲ್ಲ. ಓಂ ಬೀಚ್ ಹತ್ತಿರ ಗೆಸ್ಟ್‌ಹೌಸ್ ಇಟ್ಟುಕೊಂಡ ಸುದರ್ಶನ ಎಂಬವರು ಈ ವಿಮಾನವನ್ನು ತಮ್ಮ ತಾರಸಿಯ ಮೇಲೆ ಪ್ರವಾಸಿಗರ ಫೋಟೋಕ್ಕೆಂದು ನಿಲ್ಲಿಸಲು ಎರಡು ವರ್ಷದಿಂದ ಕೇಳುತ್ತಿದ್ದರು.

"ಇನ್ನೊಂದ್ಸಲ ಅದ್ರ ಹೊಟ್ಟೆ ಒಳಗೆ ಹೊಕ್ರೆ ಸುದರ್ಶನಂಗೆ ಫೋನ್ ಮಾಡೂದು ನಾನು," ಎಂದರು ಹೊನ್ನಮ್ಮ. "ನಿಮ್ಮನ್ನ ಎಳೂಕೆ ಮುಂದಿನ್ಸಲ ಎಣ್ಣೆ ಇಲ್ಲ."

ಅಂದರೆ ಬ್ಯಾಟರಿಯನ್ನು ಹೊರಗಿನಿಂದಲೇ ಚಾರ್ಜ್ ಮಾಡುವ ದಾರಿ ಸಿಗದಿದ್ದರೆ ವಿಮಾನ ತಾರಸಿಗೆ ಹೋಗುವುದು ಖಚಿತ.

ಸಲಹೆ ಕೊಡುವುದು ನನ್ನ ವೃತ್ತಿ. ಮೊದಲು, ಕಾರಿನಲ್ಲಿ ಇರುವಂಥ ಸಿಗರೇಟು ಹಚ್ಚುವ ಸಾಕೆಟ್ಟು ವಿಮಾನದ ಡ್ಯಾಶ್‌ಬೋರ್ಡಿನಲ್ಲೂ ಇದೆಯಲ್ಲ, ಅದರಿಂದಲೇ ಚಾರ್ಜ್ ಕೊಡೋಣ ಎಂದೆ. ಮೇನ್ ಸ್ವಿಚ್ ಹಾಕಿದರೆ ಮಾತ್ರ ಅದಕ್ಕೂ ಬ್ಯಾಟರಿಗೂ ಸಂಬಂಧ. ದಿನವಿಡೀ ಸ್ವಿಚ್ ಹಾಕಿಟ್ಟರೆ ಕೊಟ್ಟದ್ದರಲ್ಲಿ ಒಂದು ಪಾಲನ್ನು ಸ್ವಿಚ್ಚೇ ತಿನ್ನುತ್ತದೆ ಎಂದರು ಮಾಬ್ಲೇಶ್ವರಣ್ಣ. ಹಾಗಾದರೆ ಹೊರಮೈಗೆ ಮನೆಯ ಮೂರು ಪಿನ್ನಿನ ಸಾಕೆಟ್ಟು ಕೂರಿಸೋಣ ಎಂದೆ. ಅವರು ನನ್ನತ್ತ ತಿರುಗಿದರು.

"ತಮಾ, ಯಾರಾದ್ರೂ ಮರ್ತು ಅದಕ್ಕೆ ಮನೆ ಕರೆಂಟೇ ಕೊಟ್ರೆ? ನಿನ್ ಹತ್ರ ಸ್ಕೂಟರ್ ತಕಂಡವ್ರೆಲ್ಲ ಜೀವಂತ ಇದ್ರಾ?"

ಭಟ್ಕಳದ ಹಳೇ ಬೋಟುಸಾಮಾನಿನ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು: ದಪ್ಪನೆಯ ಜೋಡಿ ಪ್ಲಗ್ಗು, ಒಂದೇ ಬದಿಯಿಂದ ಕೂರುವಂಥದ್ದು, ತಿರುಗಿಸಿ ಹಾಕಲು ಬರದು. ಕೆಂಪು, ಕಪ್ಪು ಅದಲುಬದಲಾಗುವ ಭಯವಿಲ್ಲ. ಅಂಗಡಿಯವರು ತಮ್ಮ ನವಾಯತಿ ಭಾಷೆಯಲ್ಲಿ ಯಾವ ಬೋಟಿಗೆ ಎಂದು ಕೇಳಿದಾಗ ಮಾಬ್ಲೇಶ್ವರಣ್ಣ ಸಣ್ಣ ಬೋಟಿಗೆ ಎಂದರು.

ಪ್ಲಗ್ಗನ್ನು ಎಲ್ಲಿ ಕೂರಿಸುವುದು? ಬಾಲದ ಕೆಳಗೆ, ಬ್ಯಾಟರಿಗೆ ಅದೇ ಹತ್ತಿರ ಎಂದೆ. ಅದೂ ತಪ್ಪಂತೆ. ದಕ್ಕೆಯಲ್ಲಿ ಚಾರ್ಜಿಗೆ ಹಾಕುವಾಗ ಅವರು ವಯರನ್ನು ಬೋಟಿನ ಸ್ಟೇರಿಂಗ್ ಚಕ್ರದ ಕಡ್ಡಿಗಳ ನಡುವೆ ಹಾಯಿಸುತ್ತಾರೆ. ವಯರು ತೆಗೆಯದೆ ಚಕ್ರ ತಿರುಗದು, ಮರೆತು ಹೊರಡುವ ಮಾತಿಲ್ಲ. ಇಲ್ಲೂ ಹಾಗೇ, ಹತ್ತುವಾಗ ಎಡಗಾಲು ಇಡುವ ಮೆಟ್ಟಿಲಿನ ಮೇಲೇ ಪ್ಲಗ್ಗು ಬರುವಂತೆ ಗುರುತು ಹಾಕಿದರು. ಅದು ಸಿಕ್ಕಿಸಿದ್ದರೆ ಕಾಲಿಡಲು ಜಾಗವಿಲ್ಲ.

ವಯರಿನ ಇನ್ನೊಂದು ತುದಿಯನ್ನು ಬ್ಯಾಟರಿಗೆ ಜೋಡಿಸಲು ಯಾರಾದರೂ ಒಂದು ಸಲ ಒಳಗೆ ಹೋಗಲೇಬೇಕಿತ್ತು. ಅವರಿಗೆ ನಿಷೇಧ. ಹುಡುಗಿ ನೋಡಲು ಹೋದ ಮನೆಗಳಲ್ಲೆಲ್ಲ ಆಕ್ಷೇಪಕ್ಕೆ ಗುರಿಯಾದ ನನ್ನ ಬಡಕಲು ಎದೆಯ ಅಳತೆ ಆ ದಿನ ಉಪಯೋಗಕ್ಕೆ ಬಂತು. ಒಳಗೆ ಕತ್ತಲೆ, ಇನ್ನೂ ತೆಂಗಿನೆಣ್ಣೆಯ ವಾಸನೆ. ಕೈ ಮಡಚಲು ಬಾರದು, ತಲೆ ಎತ್ತಲು ಬಾರದು. ಒಂಬತ್ತು ವರ್ಷ ಈ ಮನುಷ್ಯ ಇದರೊಳಗೆ ಹೇಗಿದ್ದರೆಂದು ಯೋಚಿಸುತ್ತಾ ಬೆರಳಿನಿಂದ ಬ್ಯಾಟರಿ ತಡಕಿದೆ. ಹೊರಗಿನಿಂದ ಅವರು ಸಮಾಧಾನವಾಗಿ ಹೇಳುತ್ತಿದ್ದರು: ಕೆಂಪು ಮೊದಲು, ಕಪ್ಪು ಕಡೆಗೆ, ಫ್ಯೂಸು ಬ್ಯಾಟರಿಗೆ ಒತ್ತಿಕೊಂಡೇ ಇರಲಿ, ವಯರು ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿ ಏಳುವ ಮೊದಲು ಫ್ಯೂಸು ಸಾಯಬೇಕು.

ಮುಂದಿನ ಆದಿತ್ಯವಾರ, ಯಾವುದಕ್ಕೂ ಇರಲಿ ಎಂದು, ಹೊನ್ನಮ್ಮ ಸುದರ್ಶನರನ್ನು ಕರೆಸಿಯೇ ಬಿಟ್ಟಿದ್ದರು. ಅವರು ಅಳತೆ ಟೇಪು ಹಿಡಿದೇ ಬಂದರು. ಬೆಳಗ್ಗೆಯಿಂದ ಚಾರ್ಜರ್ ಹೊರಗಿನಿಂದಲೇ ಓಡುತ್ತಿತ್ತು. ಮಾಬ್ಲೇಶ್ವರಣ್ಣ ಬಗ್ಗಿ ಪ್ಲಗ್ಗು ಕಿತ್ತು, ಮೆಟ್ಟಿಲ ಮೇಲೆ ಎಡಗಾಲಿಟ್ಟು ಹತ್ತಿ ಕೂತರು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಶೆಡ್ಡಿನ ತಗಡೆಲ್ಲ ನಡುಗಿತು. ಹೊನ್ನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನು ತೆವಳುವುದಿಲ್ಲವಲ್ಲ, ಆತು ಎಂದರು.

ಹತ್ತು ನಿಮಿಷದ ಮೇಲೆ ಮಾಬ್ಲೇಶ್ವರಣ್ಣ ಇಂಜಿನ್ ಆರಿಸಿದರು, ಕೆಳಗಿಳಿದು ಮತ್ತೆ ಪ್ಲಗ್ಗು ಸಿಕ್ಕಿಸಿದರು. ಸುದರ್ಶನರು ಟೇಪು ಮಡಚಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೇಳಬಾರದ್ದನ್ನು ಎಲ್ಲರೆದುರು ಕೇಳುವುದರಲ್ಲಿ ನಾನು ಪಳಗಿದವನು.

"ಮಾಬ್ಲೇಶ್ವರಣ್ಣ, ನಾಳೆ ಪರವಾನಗಿ ಬಂದೇ ಬಿಡ್ತು ಅಂದ್ಕಳಿ. ನೀವು ಹಾರಸ್ತ್ರಾ?"

ಅವರು ಕೈ ಒರೆಸಿಕೊಂಡರು. ಹೆಂಡತಿಯನ್ನೂ ನೋಡಲಿಲ್ಲ, ಸುದರ್ಶನರನ್ನೂ ನೋಡಲಿಲ್ಲ.

"ಇಲ್ಲ, ಹೆದ್ರಿಕೆ. ಸುದರ್ಶನಂಗೆ ಕೊಡೂದೂ ಇಲ್ಲ. ಎಂತ ಈಗ?"