ಬೊಮ್ಮಿ ಅಕ್ಕನ ಫೋಲ್ಡರ್

"ಅಣ್ಣಾ, ಅವ್ವನ ವರ್ಷದ ಕಾರ್ಯ ಕಳೀತು. ಇನ್ನು ಅವ್ವನ ಪಾಟು ಹಾಕಿ. ನಾಟಿಗೆ ಮುಂಚೆ ನಂಗೆ ಕಲೀಬೇಕು."

ಮೊನ್ನೆ ಜಾನಕಿ ಚೇಕಾಡಿಯಿಂದ ಬಸ್ಸು ಹಿಡಿದು ಬತ್ತೇರಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಕೇಳಿದ್ದು ಇಷ್ಟೇ. ಪಾಟು ಎಂದರೆ ಹಾಡು. ಅವಳ ತಾಯಿ ಬೊಮ್ಮಿ ಅಕ್ಕ ನಾಟಿ ಪದ ಹೇಳುವುದರಲ್ಲಿ ಎತ್ತಿದ ಕೈ. ಸುತ್ತ ಊರೆಲ್ಲ ಮಲಯಾಳ ಮಾತಾಡಿದರೂ ಚೇಕಾಡಿಯ ಅವರ ಜನದ ಹೆಂಗಸರು ಗದ್ದೆಗಿಳಿದರೆ ಕನ್ನಡದಲ್ಲೇ ಹಾಡುತ್ತಾರೆ. ಅಕ್ಕ ಮುಂದೆ ಹೇಳಬೇಕು, ಉಳಿದವರು ಹಿಂದೆ ಸೊಲ್ಲು, ಅಂದರೆ ಪಲ್ಲವಿ, ಎತ್ತಬೇಕು. ಅದನ್ನೆಲ್ಲ ನಾನು ರೆಕಾರ್ಡ್ ಮಾಡಿ, ಬೇರೆ ಊರುಗಳ ಹಾಡುಗಾರರ ಜೊತೆ ಅಕ್ಕನ ಹೆಸರಲ್ಲೂ ಒಂದು ಫೋಲ್ಡರ್ ಇಟ್ಟಿದ್ದೆ. (ಹವ್ಯಾಸ ಸ್ವಾಮಿ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ.)

ಜಾನಕಿಯ ಜನರಲ್ಲಿ ವರ್ಷದ ಕಾರ್ಯ ಆಗುವವರೆಗೆ ಸತ್ತವರ ಬಟ್ಟೆಯನ್ನು ಉಳಿದವರ ಬಟ್ಟೆಯ ಜೊತೆ ಇಡುವುದಿಲ್ಲ. ಅಕ್ಕ ತೀರಿಕೊಂಡಾಗ ಜಾನಕಿ, "ಅವ್ವನ ಸ್ವರಾನೂ ಬದುಕಿರೋರ ಜೊತೆ ಬೇಡ ಅಣ್ಣಾ, ಬೇರೆ ಇಡಿ" ಎಂದಿದ್ದಳು. ಬಟ್ಟೆಗಿರುವ ನೇಮ ಧ್ವನಿಗೇಕೆ ಬೇಡ? ಅಕ್ಕನ ಹಾಡುಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಿದೆ. ಹಳೆಯ ಜಾಗದಲ್ಲಿ ಅವಳ ಹೆಸರಿನ ಲಿಂಕ್ ಮಾತ್ರ ಬಿಟ್ಟೆ. ಲಿಂಕ್ ಎಂದರೆ ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ಚೀಟಿ, 'ಈ ಮನೆಯವರು ಅಲ್ಲಿದ್ದಾರೆ' ಅಂತ.

ಆಮೇಲೆ, ಮೊದಲೇ ಹಳತಾಗಿದ್ದ ನನ್ನ ಡಿಸ್ಕುಗಳು ಕೈಕೊಡತೊಡಗಿದವು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 'ಕಾಪಿಟ್ರೀ' ಎಂಬ ರೆಡಿಮೇಡ್ ಆಳು ಇದ್ದಾನೆ. ಫೋಲ್ಡರು, ಅದರೊಳಗಿನ ಫೋಲ್ಡರು, ಎಲ್ಲವನ್ನೂ ಹೊಸ ಡಿಸ್ಕಿಗೆ ನಕಲು ಮಾಡುತ್ತಾನೆ. ಲಿಂಕ್ ಸಿಕ್ಕರೆ ಬರೀ ಚೀಟಿಯನ್ನು ನಕಲು ಮಾಡಬೇಕೋ, ಚೀಟಿ ತೋರಿಸಿದ ಮನೆಗೆ ಹೋಗಿ ಸಾಮಾನು ತರಬೇಕೋ ಎಂಬುದನ್ನು ಮಾತ್ರ ನಾವು ಹೇಳಬೇಕು.

ನಾನು ಚೀಟಿ ಸಾಕು ಎಂದಿದ್ದೆ. ಅಚ್ಚುಕಟ್ಟು ನೋಡಿ! ಒಂದೇ ಒಂದು ಎರರ್ ಬರಲಿಲ್ಲ. ಹೊಸ ಡಿಸ್ಕಿನಲ್ಲಿ ಎಲ್ಲರ ಹೆಸರೂ ಇತ್ತು. ಹಳೆಯ ಡಿಸ್ಕುಗಳನ್ನು, ಅಕ್ಕನದನ್ನೂ ಸೇರಿಸಿ, ಪೂರ್ತಿ ಅಳಿಸಿ ಗುಜರಿಗೆ ಹಾಕಿದೆ.

ಜಾನಕಿಯ ಎದುರು ಕ್ಲಿಕ್ ಮಾಡಿದೆ. ಏನೂ ಬರಲಿಲ್ಲ. ಮತ್ತೆ ಮಾಡಿದೆ.

"ಅವ್ವನ ಹೆಸ್ರು ಇದೆಯಲ್ಲಾ ಅಣ್ಣಾ?"

ಹೆಸರು ಇತ್ತು. ನಡೆದದ್ದನ್ನು ಹೇಳಿದೆ: ಹೊಸ ಡಿಸ್ಕಿಗೆ ಬಂದದ್ದು ಚೀಟಿ ಮಾತ್ರ, ಹಾಡುಗಳು ಹಳೆಯ ಡಿಸ್ಕಿನ ಜೊತೆಗೇ ಅಳಿದುಹೋದವು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಸಾರಮಿಲ್ಲ" ಎಂದಳು. ಪರವಾಗಿಲ್ಲ ಎನ್ನಲು ಇಲ್ಲಿ ಎಲ್ಲರೂ ಆಡುವ ಮಾತು. "ಬೇರೆ ಇಡಿ ಅಂದವ್ಳು ನಾನೇ ಅಲ್ವಾ."

ಹೆಸರಿದ್ದರೆ ಸಾಕು, ವಸ್ತುವೂ ಇದೆ ಎಂದು ನಾವೆಲ್ಲ ನೆಮ್ಮದಿಯಾಗಿ ಇದ್ದುಬಿಡುತ್ತೇವಲ್ಲ, ಯಾವ ಧೈರ್ಯದ ಮೇಲೆ?

ಈ ವಾರ ಚೇಕಾಡಿಯಲ್ಲಿ ನಾಟಿ. ಸೊಲ್ಲು ಎತ್ತುವುದು ಜಾನಕಿಗೂ ಬರುತ್ತದೆ, ಉಳಿದವರಿಗೂ ಬರುತ್ತದೆ. ಮುಂದೆ ಹೇಳುವವರು ಯಾರು?